ರೇಣುಕಾಶಬ್ದದ ಮೂಲಧಾತು

ಸವದತ್ತಿ ಸೀಮೆಯ ಉಗರಗೋಳದ ಬಳಿ ಗುಡ್ಡದಲ್ಲಿ ನೆಲೆಸಿರುವ ದೇವಿಗೆ ರೇಣುಕೆ, ಎಲ್ಲಮ್ಮ ಎಂದು ಎರಡು ನಾಮಗಳುಂಟು. ಎರಡನೆಯದನ್ನು ಜನರು ‘ಎಲ್ಲರ ಅಮ್ಮ’ ಎಂದು ಬಿಡಿಸುವರು, ಅದು ದೇಶ್ಯಪದ. ಮೊದಲನೆಯದರ ಮೂಲವು ಇಲ್ಲಿ ವಿಚಾರ್ಯವಾಗಿದೆ.

ರೇಣುವೆಂದರೆ ಧೂಳಿ, ಋಗ್ವೇದದಲ್ಲಿಯೂ ಇದೇ ಅರ್ಥ. ಉಣಾದಿಸೂತ್ರವು ಇದನ್ನು ‘ರೀ’ ಧಾತುವಿನ ಮೇಲೆ ‘ಣು’ ಪ್ರತ್ಯಯದಿಂದ ಸಾಧಿಸುತ್ತದೆ. ಈಕಾರಕ್ಕೆ ಗುಣ. ಪಾಣಿನೀಯ ಧಾತುಪಾಠದಲ್ಲಿ ಈ ಧಾತುವು ದಿವಾದಿಗಣದಲ್ಲಿ ಸ್ರವಣಾರ್ಥದಿಂದ ‘ರೀಯತೇ’ ಎಂದೂ, ಕ್ರ್ಯಾದಿಗಣದಲ್ಲಿ ಗತಿ-ರೇಷಣಾರ್ಥಗಳಿಂದ ‘ರಿಣಾತಿ’ ಎಂದೂ ಆಗುವುದು. ಹರಿಯುವ ಧಾತುವಿನಿಂದ ಒಣಧೂಳಿಯ ಹೆಸರು ಹೇಗೆ ಬಂದಿತೆಂದು ಶಂಕಿಸಬಹುದು. ಗತಿಯೇ ಸಾಮಾನ್ಯಾರ್ಥವಾದುದರಿಂದ, ನೀರಿನ ಗತಿ ಸ್ರವಣವಾದರೆ, ಗಾಳಿಯೊಡನೆ ಚಲಿಸುವುದು ರೇಣುವೆಂದು ಸಮಾಧಾನ.

ಪ್ರವಾಹವಾಚಿಯಾದ ‘ರಯ’, ‘ರೇತಸ್’, ‘ರೀತಿ’ ಇದರ ಬಂಧುಗಳು. ಭೋಜನು ಸರಸ್ವತೀಕಂಠಾಭರಣದಲ್ಲಿ ಕಾವ್ಯರೀತಿಯನ್ನು ಗತ್ಯರ್ಥಕವಾದ ಈ ಧಾತುವಿನಿಂದಲೇ ವ್ಯುತ್ಪಾದಿಸಿರುವನು. ದಂಡಿಯೂ ಕವಿರಾಜಮಾರ್ಗಕಾರನೂ ‘ಮಾರ್ಗ’ವೆಂದುದು ವಾಮನನಲ್ಲಿ ‘ರೀತಿ’ಯಾದುದು ಇದರಿಂದ ಸ್ಪಷ್ಟವಾಗುವುದು, ನಡೆಯುವ ದಾರಿಯೇ ಉಭಯತ್ರ ಭಾವ. ಲ್ಯಾಟಿನ್ ಭಾಷೆಯಲ್ಲಿ ತೊರೆಯೆಂಬರ್ಥದ ‘ರೀವುಸ್’ ಶಬ್ದವೂ, ಯೂರೋಪಿನ ರೈನ್ ನದಿಯ ಹೆಸರೂ ಇದೇ ಕುಲದವೆಂದು ಭಾಷಾಶಾಸ್ತ್ರಜ್ಞರು ಎಣಿಸುವರು.

ಆದರೆ ಇಷ್ಟರಿಂದಲೇ ಗುಡ್ಡದ ಆರಾಧನೆಯು ವೇದಕಾಲದ್ದೆಂದು ಸಿದ್ಧವಾಗಲಾರದು. ಮಹಾಭಾರತದಲ್ಲಿ ರೇಣುಕೆಯು ಜಮದಗ್ನಿಯ ಪತ್ನಿ. ಎಲ್ಲಮ್ಮನೆಂಬುದನ್ನು ಆ ನಾಮದ ಅಪಭ್ರಂಶವೆನ್ನಲು ಯಾವ ವರ್ಣನಿಯಮವೂ ಒದಗದು. ಆದ್ದರಿಂದ ಇವು ಬೇರೆ ಬೇರೆ ಮೂಲದ ಎರಡು ನಾಮಗಳು ಒಬ್ಬಳೇ ದೇವಿಯಲ್ಲಿ ಕೂಡಿದವೆಂದು ತಿಳಿಯುವುದೇ ಯುಕ್ತ. ಶಬ್ದದ ವಯಸ್ಸು ಬೇರೆ, ದೇವತೆಯ ವಯಸ್ಸು ಬೇರೆ. ವ್ಯಾಕರಣವು ಮೊದಲನೆಯದಕ್ಕೆ ಮಾತ್ರ ಪ್ರಮಾಣ.