ವಿಷದ ಮಣ್ಣಿನಲ್ಲಿ ಹುಟ್ಟಿದ ಹುಲ್ಲು

ಗಣಿಯಲ್ಲಿ ಲಾಭ ತೀರಿದೊಡನೆ ಕಂಪನಿಗಳು ಹೊರಟುಹೋಗುತ್ತವೆ. ಪುಡಿಗಲ್ಲಿನ ಗುಡ್ಡಗಳು ಊರಿನವರ ಪಾಲಿಗೆ ಉಳಿಯುತ್ತವೆ. ಅವುಗಳಿಗೆ ಮರಳಿ ಜೀವ ತುಂಬುವ ವಿದ್ಯೆ ಈಗ ಸ್ವತಂತ್ರ ಶಾಸ್ತ್ರವಾಗಿ ಬೆಳೆದಿದೆ. ಅದರ ಬೇರೊಂದು ವೇಲ್ಸ್ ದೇಶದ ಪಾಳು ಗಣಿಗಳಲ್ಲಿದೆ.

ಅಲ್ಲಿನ ಸೀಸದ ಗಣಿಯ ತ್ಯಾಜ್ಯದ ಮೇಲೆ ಒಂದು ಸಾಮಾನ್ಯ ಹುಲ್ಲು ಬೆಳೆದಿತ್ತು. ಅದೇ ಜಾತಿಯ ಹುಲ್ಲನ್ನು ಹತ್ತಿರದ ಗೋಮಾಳದಿಂದ ತಂದು ಆ ಮಣ್ಣಿನಲ್ಲಿ ನೆಟ್ಟರೆ ಬದುಕಲಿಲ್ಲ. ಈ ಭೇದವನ್ನು ಆಂಥೊನಿ ಬ್ರಾಡ್‌ಶಾ ಎಂಬ ಸಸ್ಯಶಾಸ್ತ್ರಜ್ಞರು 1952ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಷವನ್ನು ತಾಳುವ ಬೀಜಗಳು ಗೋಮಾಳದಲ್ಲಿಯೂ ಇರುತ್ತವೆ, ಆದರೆ ಸಾವಿರಾರು ಬೀಜಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಗಣಿಯ ಮಣ್ಣು ಉಳಿದವನ್ನೆಲ್ಲ ಕೊಂದು ಅವನ್ನಷ್ಟೇ ಉಳಿಸಿಕೊಳ್ಳುತ್ತದೆ. ಡಾರ್ವಿನ್ ಅತಿ ನಿಧಾನವೆಂದು ಭಾವಿಸಿದ್ದ ವಿಕಾಸ ಇಲ್ಲಿ ಕೆಲವೇ ತಲೆಮಾರುಗಳಲ್ಲಿ ನಡೆದಿತ್ತು!

ಮೇಷ್ಟ್ರಾಗಿದ್ದವನಿಗೆ ಮುಂದಿನ ಸಂಗತಿಯನ್ನು ದಾಟಿಹೋಗಲು ಮನಸ್ಸಾಗದು. 1966ರ ಅಕ್ಟೋಬರ್ 21ರ ಬೆಳಿಗ್ಗೆ ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಕಲ್ಲಿದ್ದಲ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು. ಉಳಿದ ಗುಡ್ಡಗಳನ್ನು ತೆಗೆಸಲು ಸಂತ್ರಸ್ತರ ನಿಧಿಯಿಂದಲೇ 1,50,000 ಪೌಂಡ್ ಪಡೆಯಲಾಯಿತು. ಅಸಲು ಮರಳಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. 1969ರಲ್ಲಿ ತ್ಯಾಜ್ಯದ ಗುಡ್ಡಗಳ ಸುರಕ್ಷತೆಗೆ ಕಾನೂನೇನೋ ಬಂತು.

ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಬ್ರಾಡ್‌ಶಾ ಅವರ ಬಳಗ ವಿಷ ತಾಳುವ ಹುಲ್ಲುಗಳನ್ನು ಬಿತ್ತನೆಯ ತಳಿಗಳನ್ನಾಗಿಸಿತು. ಒಂದಕ್ಕೆ 'ಗೊಗಿನಾನ್', ಇನ್ನೊಂದಕ್ಕೆ 'ಪ್ಯಾರಿಸ್' ಎಂದು ಹೆಸರು; ಫ್ರಾನ್ಸಿನ ನಗರವಲ್ಲ, ವೇಲ್ಸ್‌ನ ತಾಮ್ರದ ಬೆಟ್ಟ. ಆದರೆ ಹುಲ್ಲು ಹಸಿರಾದ ಮಾತ್ರಕ್ಕೆ ನೆಲ ಚೇತರಿಸಿಕೊಂಡಿತೆನ್ನಲಾಗದು. ಕಾರ್ನ್‌ವಾಲ್‌ನ ಬಿಳಿ ಜೇಡಿಯ ಗಣಿಗಳ ಮರಳಿನಲ್ಲಿ ವಿಷವಿರಲಿಲ್ಲ. ಆದರೂ ಗೊಬ್ಬರ ಕೊಟ್ಟು ಬೆಳೆಸಿದ ಹುಲ್ಲು ಸೊರಗುತ್ತಿತ್ತು. ಕೊರತೆ ಸಾರಜನಕದ್ದು. ದ್ವಿದಳ ಜಾತಿಯ ಕ್ಲೋವರ್ ಬಿತ್ತಿದಲ್ಲಿ ಅದು ಕ್ರಮೇಣ ತುಂಬಿತು. ನಮ್ಮ ರೈತರು ಹುರುಳಿ, ಅವರೆಗಳಿಂದ ಅರಿತಿದ್ದ ವಿಷಯವೇ ಇದು.

ಈಚಿನ ಸಂಶೋಧಕರು ಇನ್ನೂ ಮುಂದೆ ಹೋಗಿದ್ದಾರೆ. ಜೆಕ್ ದೇಶದ ಕಂದು ಕಲ್ಲಿದ್ದಲ ಗಣಿಗಳಲ್ಲಿ, ವಿಷವಿಲ್ಲದ ಕಡೆ ಏನನ್ನೂ ನೆಡದೆ ಬಿಟ್ಟ ದಿಬ್ಬಗಳಲ್ಲಿ, ಕಾಡು ತಾನಾಗಿಯೇ ಮರಳುವುದನ್ನು ಅವರು ದಾಖಲಿಸಿದ್ದಾರೆ. ಸಾಲುಸಾಲಾಗಿ ಒಂದೇ ಮರ ನೆಟ್ಟು ಫಲಕ ಹಾಕುವ ನಮ್ಮ ಉತ್ಸಾಹಕ್ಕೆ ಇದು ರುಚಿಸಲಿಕ್ಕಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರನ್ನು ನುಣ್ಣಗೆ ಅರೆದು ಸೈನೈಡಿನಲ್ಲಿ ತೊಳೆದ ಹುಡಿಯ ದಿಬ್ಬಗಳು ಹಿಂದೆ ಉಳಿದವು. ಒಣಗಾಳಿಗೆ ಆ ಹುಡಿ ಮನೆ, ಹೊಲಗಳ ಮೇಲೆ ಹಾರುತ್ತದೆ. 2024ರ ಜೂನ್‌ನಲ್ಲಿ ಅಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಚಿನ್ನ ತೆಗೆದ ಬಳಿಕವೂ ಹುಡಿ ಉಳಿದೇ ಉಳಿಯುತ್ತದೆ. ಅದರ ಮೇಲೆ ಯಾವ ಹುಲ್ಲನ್ನು, ಯಾರ ಹಣದಲ್ಲಿ ಬಿತ್ತಬೇಕೆಂಬುದನ್ನು ಮೊದಲ ಲಾರಿ ಹೊರಡುವ ಮುನ್ನವೇ ಬರೆದಿಡಬೇಕು.