ಹೃದ್ರೋಗ ಶುಶ್ರೂಷೆ: ಅಧಿಕಾರವು ದಾದಿಯ ಕೈಗೆ ಬಂದ ಬಗೆ

‘ಶುಶ್ರೂಷೆ’ ಎಂಬ ಶಬ್ದದ ಮೂಲಾರ್ಥವು ‘ಕೇಳುವ ಇಚ್ಛೆ’. ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ರೋಗಿಗಳೊಡನೆ ಪರಿಚಾರಕನನ್ನೂ ಗಣಿಸಿ, ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚಗಳನ್ನು ಅವನ ಗುಣಗಳೆಂದು ಹೇಳಿದೆ. ಆದರೆ ದಕ್ಷತೆಯಿದ್ದವರಿಗೆ ನಿರ್ಣಯದ ಅಧಿಕಾರವೂ ಇರಬೇಕೆ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಹೃದ್ರೋಗದ ವಾರ್ಡು ಕೊಟ್ಟ ಉತ್ತರವು ವಿಚಾರಾರ್ಹವಾಗಿದೆ.

1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಅವರು, ಹೃದಯದ ರಕ್ತನಾಳವು ಹಠಾತ್ತಾಗಿ ಮುಚ್ಚಿಕೊಂಡರೂ ಮನುಷ್ಯನು ಬದುಕಿ ಉಳಿಯಬಲ್ಲನೆಂದು ತೋರಿಸಿ, ವಿಶ್ರಾಂತಿಯ ಮಹತ್ವವನ್ನು ಪ್ರತಿಪಾದಿಸಿದರು. ಅಂದಿನಿಂದ ಹಲವು ದಶಕಗಳ ಕಾಲ ರೋಗಿಯು ವಾರಗಟ್ಟಲೆ ಹಾಸಿಗೆಯಲ್ಲಿ ನಿಶ್ಚಲನಾಗಿರಬೇಕಾಗಿತ್ತು. ಉಣಿಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು ದಾದಿಯ ಕೆಲಸ. ದೀರ್ಘಶಯನದಿಂದ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿತ್ತು. 1952ರಲ್ಲಿ ಬಾಸ್ಟನ್ನಿನ ಲೆವಿನ್ ಮತ್ತು ಲೌನ್ ಅವರು ರೋಗಿಯನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಬಹುದೆಂದು ಪ್ರಕಟಿಸಿ ಈ ಕಟ್ಟನ್ನು ಸಡಿಲಿಸಿದರು.

ಆದರೂ ಹಠಾತ್ ಮರಣವು ತಪ್ಪಲಿಲ್ಲ. ಹೃದಯದ ಬಡಿತವು ಲಯಗೆಟ್ಟು ಬರಿಯ ಕಂಪನವಾದಾಗ ರಕ್ತಸಂಚಾರ ನಿಲ್ಲುತ್ತದೆ. ಮೆದುಳು ಅದನ್ನು ಸಹಿಸುವುದು ಕೆಲವೇ ನಿಮಿಷ. 1956ರಲ್ಲಿ ಜೋಲ್ ಅವರು ಎದೆಯ ಹೊರಗಿನಿಂದಲೇ ವಿದ್ಯುದಾಘಾತ ಕೊಟ್ಟು ಲಯವನ್ನು ಮರಳಿಸುವ ಮಾರ್ಗವನ್ನು ತೋರಿಸಿದರು. 1960ರಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಅವರು ಎದೆಯನ್ನೊತ್ತಿ ರಕ್ತವನ್ನು ಹರಿಯಿಸುವ ವಿಧಾನವನ್ನು ಪ್ರಕಟಿಸಿದರು. ಉಪಾಯವು ಸಿದ್ಧವಾಯಿತು, ಆದರೆ ಕರೆ ಹೋಗಿ ವೈದ್ಯರು ಬರುವಷ್ಟರಲ್ಲಿ ಕಾಲ ಮೀರುತ್ತಿತ್ತು.

ಈ ಕಾರಣದಿಂದ 1961ರಲ್ಲಿ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್ ಅವರು ಇಂಥ ರೋಗಿಗಳೆಲ್ಲರನ್ನೂ ಒಂದೆಡೆ ಇರಿಸಿ, ಶಿಕ್ಷಿತ ಸಿಬ್ಬಂದಿಯ ಕಣ್ಗಾವಲಿನಲ್ಲಿ ನೋಡಿಕೊಳ್ಳಬೇಕೆಂದು ಸೂಚಿಸಿದರು. 1962ರಲ್ಲಿ ಕ್ಯಾನ್ಸಾಸ್ ಸಿಟಿಯ ಬೆಥನಿ ಆಸ್ಪತ್ರೆಯಲ್ಲಿ ಹ್ಯೂಸ್ ಡೇ ಅವರು ಅಂಥ ವಿಭಾಗವೊಂದನ್ನು ತೆರೆದರು. ಫಿಲಡೆಲ್ಫಿಯಾದಲ್ಲಿ ಲಾರೆನ್ಸ್ ಮೆಲ್ಟ್ಜರ್ ಅವರು ರೋಸ್ ಪಿನಿಯೋ ಎಂಬ ದಾದಿಯೊಡನೆ ಒಂದು ಹೆಜ್ಜೆ ಮುಂದೆ ಹೋದರು. ಹೃದಯದ ವಿದ್ಯುಲ್ಲೇಖವನ್ನು ಓದಿ, ಅಪಾಯವನ್ನು ಗುರುತಿಸಿ, ವೈದ್ಯರಿಲ್ಲದಾಗ ತಾನೇ ವಿದ್ಯುದಾಘಾತ ಕೊಡುವ ಶಿಕ್ಷಣವು ಅಲ್ಲಿ ದಾದಿಗೆ ದೊರೆಯಿತು. ಇದಕ್ಕೆಂದೇ ಅವರು ದಾದಿಯರಿಗಾಗಿ ರಚಿಸಿದ ಕೈಪಿಡಿಯು 1965ರಲ್ಲಿ ಹೊರಬಂತು.

1967ರಲ್ಲಿ ನ್ಯೂಯಾರ್ಕಿನ ಕಿಲ್ಲಿಪ್ ಮತ್ತು ಕಿಂಬಲ್ ಅವರು, ರಕ್ತದೊತ್ತಡ ಕುಸಿದು ಆಘಾತಸ್ಥಿತಿಗಿಳಿಯದ ರೋಗಿಗಳಲ್ಲಿ ಮರಣದ ಪ್ರಮಾಣವು ಸಾಧಾರಣ ವಾರ್ಡಿನಲ್ಲಿ ಶೇಕಡಾ 26 ಇದ್ದುದು ಇಂಥ ವಿಭಾಗದಲ್ಲಿ 7ಕ್ಕೆ ಇಳಿದುದನ್ನು ವರದಿಮಾಡಿದರು. ಔಷಧ, ಯಂತ್ರಗಳ ಪಾಲೂ ಇದರಲ್ಲಿ ಇಲ್ಲದಿಲ್ಲ. ಆದರೆ ಯಂತ್ರವು ಎಚ್ಚರಿಸಬಲ್ಲದು. ಆ ಕ್ಷಣದಲ್ಲಿ ಕೈಯೆತ್ತಲು ಅನುಜ್ಞೆಯುಳ್ಳವರು ಹಾಸಿಗೆಯ ಬಳಿ ಇಲ್ಲದಿದ್ದರೆ ಆ ಎಚ್ಚರಿಕೆಯು ವ್ಯರ್ಥವೇ ಸರಿ.

ದಾದಿಯ ಕರುಣೆಯನ್ನು ಹೊಗಳುವುದು ಸುಲಭ. ಹೊಣೆಯನ್ನು ಹೊರಿಸಿ ಅಧಿಕಾರವನ್ನು ಕೊಡದ ಆಡಳಿತವು ಯಾವ ಸಂಸ್ಥೆಯಲ್ಲಿಯೂ ಫಲಿಸದು; ಆಸ್ಪತ್ರೆಯಲ್ಲಿ ಅದಕ್ಕೆ ತೆರುವ ಬೆಲೆ ಜೀವ. ಹೃದ್ರೋಗ ಶುಶ್ರೂಷೆಯ ಇತಿಹಾಸವು ನಮಗೆ ತಿಳಿಸತಕ್ಕದ್ದು ಇದನ್ನೇ.