ಹಿಗ್ಗು, ಕುಗ್ಗು ಮತ್ತು ಹೃದಯ

ಸಂತೋಷವಾದಾಗ ಎದೆ ಹಿಗ್ಗಿತೆನ್ನುತ್ತೇವೆ, ಅಂಜಿದಾಗ ಕುಗ್ಗಿತೆನ್ನುತ್ತೇವೆ. ಹಿಗ್ಗುವುದರಲ್ಲೇ ಹೃದಯದ ಬಲವಿದೆ ಎಂಬ ಭಾವ ನಮ್ಮ ನುಡಿಯಲ್ಲಿ ನೆಲೆಸಿದೆ. ಯುರೋಪಿನ ವೈದ್ಯರೂ ಸುಮಾರು 1400 ವರ್ಷ ಹೀಗೆಯೇ ನಂಬಿದ್ದರು. ಹೃದಯದ ನಿಜವಾದ ಕೆಲಸ ಹಿಗ್ಗಿ ಒಳಗೆಳೆದುಕೊಳ್ಳುವುದು ಎಂಬುದು ಎರಡನೆಯ ಶತಮಾನದ ಗ್ಯಾಲೆನ್‌ನ ಮತ. ರಕ್ತ ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ಮುಗಿದುಹೋಗುತ್ತದೆಂದೂ ಆತ ಬಗೆದಿದ್ದ.

ಇದನ್ನು ತಲೆಕೆಳಗು ಮಾಡಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ (1578–1657). ಮಿಡಿತದ ವೇಗದಲ್ಲಿ ಸಂಕೋಚನ ಯಾವುದು, ವಿಕಸನ ಯಾವುದು ಎಂಬುದೇ ಮೊದಮೊದಲು ಆತನಿಗೆ ತಿಳಿಯಲಿಲ್ಲ. ಇದು ದೇವರೊಬ್ಬನಿಗೇ ಗೊತ್ತಿರಬೇಕೆನ್ನುವಷ್ಟು ಸೋತಿದ್ದ. ಕೊನೆಗೆ ಕಪ್ಪೆ, ಹಾವು, ಮೀನುಗಳ ಹಾಗೂ ಸಾಯುತ್ತಿರುವ ಪ್ರಾಣಿಗಳ ನಿಧಾನವಾದ ಹೃದಯಗಳನ್ನು ನೋಡುತ್ತ ಕುಳಿತ. ಕುಗ್ಗುವಾಗ ಹೃದಯ ಗಟ್ಟಿಯಾಗುತ್ತಿತ್ತು, ಬಿಳಚಿಕೊಳ್ಳುತ್ತಿತ್ತು. ಕತ್ತರಿಸಿದ ಅಪಧಮನಿಯಿಂದ ರಕ್ತ ಚಿಮ್ಮುತ್ತಿದ್ದುದೂ ಆ ಕ್ಷಣದಲ್ಲೇ. ಎಂದರೆ ಹೃದಯವೊಂದು ಸ್ನಾಯು. ಸಂಕೋಚನವೇ ಅದರ ದುಡಿಮೆ. ಈ ಅರಿವಿಗೆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ನಾವು ಮರೆಯಲಾಗದು.

ಬಳಿಕ ಹಾರ್ವೆ ಲೆಕ್ಕ ಹಾಕಿದ. ಮಿಡಿತಕ್ಕೆ ಅರ್ಧ ಔನ್ಸ್, ಅರ್ಧ ಗಂಟೆಗೆ ಸಾವಿರ ಮಿಡಿತ ಎಂದಿಟ್ಟುಕೊಂಡರೂ 500 ಔನ್ಸ್, ಸುಮಾರು 14 ಕಿಲೋ ರಕ್ತವಾಯಿತು. ದೇಹದಲ್ಲಿ ಇಷ್ಟು ರಕ್ತವೇ ಇಲ್ಲ; ಉಂಡ ಅನ್ನ ಅದನ್ನು ಹುಟ್ಟಿಸಲಾರದು. ಆದ್ದರಿಂದ ಹೋದ ರಕ್ತವೇ ಮರಳಿ ಬರಬೇಕು. ಈ ವಾದವುಳ್ಳ ಪುಸ್ತಕ 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾಯಿತು. ಪ್ಯಾರಿಸಿನ ಪಂಡಿತ ರಿಯೋಲಾನ್ ಅದನ್ನು ವಿರೋಧಿಸಿದ. ಅಪಧಮನಿ, ಅಭಿಧಮನಿಗಳನ್ನು ಬೆಸೆಯುವ ಲೋಮನಾಳಗಳನ್ನು ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1661ರಲ್ಲಿ. ಅಷ್ಟರಲ್ಲಿ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಹಾಗಾದರೆ ಹಿಗ್ಗುವುದು ಬರಿಯ ಬಿಡುವೇ? ನಿಮಿಷಕ್ಕೆ 75 ಬಾರಿ ಮಿಡಿಯುವ ಹೃದಯಕ್ಕೆ ಒಂದು ಮಿಡಿತ 0.8 ಸೆಕೆಂಡು; ಅದರಲ್ಲಿ ಹೃತ್ಕುಕ್ಷಿಗಳು ಸುಮಾರು 0.3 ಸೆಕೆಂಡು ಕುಗ್ಗಿ, 0.5 ಸೆಕೆಂಡು ಸಡಿಲಗೊಳ್ಳುತ್ತವೆ. ಎಡ ಹೃತ್ಕುಕ್ಷಿಯ ಗೋಡೆಗೆ ಬಹುಪಾಲು ರಕ್ತ ದೊರೆಯುವುದು ಆ ಸಡಿಲಿನಲ್ಲೇ. ಸಡಿಲಗೊಳ್ಳಲೂ ಸ್ನಾಯುಕೋಶಗಳು ಕ್ಯಾಲ್ಸಿಯಂ ಅನ್ನು ಹಿಂದಕ್ಕೆ ತಳ್ಳಬೇಕು, ಅದಕ್ಕಾಗಿ ಶಕ್ತಿ ವ್ಯಯಿಸಬೇಕು. ಆ ಸಾಮರ್ಥ್ಯ ಕುಂದಿದರೆ, ಚೆನ್ನಾಗಿ ಕುಗ್ಗಬಲ್ಲ ಹೃದಯವೂ ಸೋಲಬಹುದು.

ಗ್ಯಾಲೆನ್ ತಪ್ಪಿದ್ದು ನಿಜ. ಆದರೂ ಆತ ಹಿಗ್ಗಿಗೆ ಕೊಟ್ಟ ಗೌರವ ಪೂರ್ತಿ ವ್ಯರ್ಥವಾಗಲಿಲ್ಲ. ದುಡಿಮೆಯನ್ನಷ್ಟೇ ಎಣಿಸಿ ಬಿಡುವನ್ನು ಲೆಕ್ಕಕ್ಕೇ ಹಿಡಿಯದ ನಮಗೆ, ನಮ್ಮೆದೆಯೇ ಬೇರೊಂದು ಲೆಕ್ಕ ಒಪ್ಪಿಸುತ್ತಿದೆ.